ಸೊರಬಕ್ಕೆ ಒಯ್ದ ಕಾಡಿನ ಅಂದಾಜು ಪಟ್ಟಿ

ನಮ್ಮೂರ ಗೋಮಾಳದಲ್ಲಿ ಮತ್ತೆ ಕಾಡು ಏಳುವುದು ಆಗದ ಮಾತು ಎಂದವರು ನನ್ನ ಸೋದರಮಾವ ಬೀರಪ್ಪ. ಕುರಿ ಕಾಯುವವರು, ಅಕ್ಷರ ಬಾರದು. ಅವರದೇ ಮಂದೆಯ ಹಿಂದೆ ನಡೆದು, ರಜೆಯಲ್ಲಿ ಕೂಲಿ ಮಾಡಿ, ನಮ್ಮ ಮನೆತನದಲ್ಲಿ ಮೊದಲು ಬಿ.ಎಸ್ಸಿ. ಮುಗಿಸಿದವನು ನಾನು. ತೊಂಬತ್ತಾರರ ಮೇ ತಿಂಗಳಲ್ಲಿ ಗೋಮಾಳದ ಐದು ಎಕರೆಯಲ್ಲಿ ಕಾಡು ಬೆಳೆಸಲು ನಮ್ಮ ಗ್ರಾಮ ಅರಣ್ಯ ಸಮಿತಿ ಮಾಡಿದ ಖರ್ಚಿನ ಅಂದಾಜು ಪಟ್ಟಿ ಹಿಡಿದು, ಸೊರಬದಲ್ಲಿ ಅರಣ್ಯ ಇಲಾಖೆಯ ಶಿಬಿರಕ್ಕೆ ಹೊರಟೆ. ಪಟ್ಟಿ ಒಪ್ಪಿಗೆಯಾದರೆ ಪ್ರಮಾಣಪತ್ರ. ಅದಿದ್ದರೆ ಮಳೆಗೆ ಮೊದಲು ಕಾಡುಮರಗಳ ಸಸಿ. ತಪ್ಪಿದರೆ ಆ ಐದು ಎಕರೆಗೆ ಅಕೇಶಿಯಾ ಹಾಕುವುದೆಂದು ಊರಲ್ಲಿ ಮಾತಾಗಿತ್ತು. ಊರಿಂದ ಇಬ್ಬರು ಬರಬೇಕೆಂದು ಇಲಾಖೆಯವರು ಹೇಳಿದ್ದರು. ಬಿತ್ತನೆಗೆ ಹೊಲ ಹದ ಮಾಡುವ ಕಾಲ, ಬಿಡುವಿದ್ದವರು ಮಾವ ಒಬ್ಬರೇ. ಮಂದೆಯನ್ನು ತಮ್ಮ ತಮ್ಮನಿಗೆ ಒಪ್ಪಿಸಿ ಬಂದರು.

ಶಿರಾಳಕೊಪ್ಪದಲ್ಲಿ ಬಸ್ಸು ಮುಕ್ಕಾಲು ಗಂಟೆ ತಡವಾಯಿತು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಸೊರಬಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಟಿಕೆಟ್ಟು ತಲಾ ಐದು ರೂಪಾಯಿ. ಬಸ್ಸಿನಲ್ಲಿ ಮಾವ ಪಟ್ಟಿ ಓದಿಸಿಕೊಂಡರು. ಹೊನ್ನೆ, ಮತ್ತಿ, ನೇರಳೆ ಎಂದಾಗ ಅವು ತಮ್ಮ ಚಿಕ್ಕಂದಿನಲ್ಲಿ ಗೋಮಾಳದ ಯಾವ ಮೂಲೆಯಲ್ಲಿದ್ದವು ಎಂದು ಹೇಳುತ್ತಾ ಬಂದರು. ಗುಂಡಿ ತೆಗೆಯುವ ಕೂಲಿ, ಸಸಿ ಸಾಗಣೆ, ಗೊಬ್ಬರ, ಸತ್ತ ಸಸಿಗಳ ಜಾಗಕ್ಕೆ ಹೊಸದು ಎಂದು ಓದಿ ಕೊನೆಗೆ ಮುಳ್ಳುತಂತಿ ಬೇಲಿ ಎಂದೆ. ಮಾವ ಕಿಟಕಿಯ ಕಡೆ ತಿರುಗಿದರು.

ಶಿಬಿರ ಒಂದು ಶಾಲೆಯಲ್ಲಿ. ಸೆಕೆ ವಿಪರೀತ. ಫಾರೆಸ್ಟರು ಪಟ್ಟಿಯ ಕೊನೆಯ ಸಾಲಿನ ಮೇಲೆ ಪೆನ್ನು ಇಟ್ಟರು.

"ಅರ್ಧ ದುಡ್ಡು ಬೇಲಿಗೇ ಹೋತಲ್ರೀ. ಇಷ್ಟಕ್ಕೆ ಮಂಜೂರಾತಿ ಸಿಗಲ್ಲ. ಬೇಲಿ ಬಿಟ್ರೆ ಸಸಿ ಉಳಿಯಲ್ಲ. ಏನ್ ಮಾಡ್ತೀರಿ?"

ನಾನು ಪಟ್ಟಿಯ ಅಂಕಿಗಳನ್ನು ಮತ್ತೆ ಕೂಡತೊಡಗಿದೆ.

"ಬೇಲಿ ಯಾರಿಗೋ ಅಳಿಯಾ?" ಎಂದರು ಮಾವ. "ದನ ಕೆರೆ ಕಡೆ ಮೇಯ್ತಾವೆ. ಗೋಮಾಳಕ್ಕೆ ಬರೋದು ನನ್ನ ಮಂದೆ ಒಂದೇ. ನನ್ನ ಒಂದು ಮಾತು ಕೇಳಿದ್ಯಾ?"

ಕೇಳಿರಲಿಲ್ಲ. ಸಮಿತಿಯ ನಾಲ್ಕು ಸಭೆಗಳೂ ಹಗಲಲ್ಲೇ ನಡೆದಿದ್ದವು, ಮಾವ ಕುರಿಗಳ ಜೊತೆ ಇರುವ ಹೊತ್ತಿನಲ್ಲಿ. ಪಟ್ಟಿ ಬರೆದವನು ನಾನೇ.

ಅವರು ಫಾರೆಸ್ಟರ ಕಡೆ ತಿರುಗಿ ತಮ್ಮ ಲೆಕ್ಕ ಹೇಳಿದರು. ಮೂರು ಮಳೆಗಾಲ ಮಂದೆ ಅಲ್ಲಿಗೆ ಹೋಗುವುದಿಲ್ಲ. ಬದಲಿಗೆ ಅಲ್ಲಿಯ ಹುಲ್ಲು ಕೊಯ್ದು ಮರಿಗಳಿಗೆ ಹಾಕಲು ಬಿಡಬೇಕು. ನೆಡುವ ಮುಂಚೆ ಎಂಟು ದಿನ ಮಂದೆಯನ್ನು ಅಲ್ಲೇ ತಂಗಿಸುತ್ತಾರೆ, ಹಿಕ್ಕೆಯೇ ಗೊಬ್ಬರ. ಹೊಲದವರಾದರೆ ಇದಕ್ಕೆ ಕಾಳು ಕೊಡುತ್ತಾರೆ, ಕಾಡಿಗಾದರೆ ಏನೂ ಬೇಡ ಎಂದರು. ನಾನು ಬೇಲಿಯ ಸಾಲನ್ನೂ ಗೊಬ್ಬರದ ಸಾಲನ್ನೂ ಹೊಡೆದುಹಾಕಿ, ಅವರ ಮಾತನ್ನು ಕೆಳಗೆ ಬರೆದೆ. ಮಾವ ಹೆಬ್ಬೆಟ್ಟು ಒತ್ತಿದರು. ಫಾರೆಸ್ಟರು ಮೊತ್ತ ಕೂಡಿ ನೋಡಿ ಸಹಿ ಹಾಕಿದರು.

ಅನ್ನ, ಹುಳಿ ಉಂಡು ಮುಗಿಸಿದ ಮೇಲೆ ಪ್ರಮಾಣಪತ್ರಕ್ಕೆ ನಮ್ಮ ಊರಿನ ಹೆಸರು ಕೂಗಿದರು. ಅದಕ್ಕೆಂದೇ ಹೊಸ ಅಂಗಿ ಹಾಕಿಕೊಂಡು ಹೋಗಿದ್ದವನು ನಾನು; ಆದರೂ ಕೂತೇ ಇದ್ದು ಮಾವನನ್ನು ಕಳಿಸಿದೆ. ಅವರು ಕೈಯನ್ನು ಕಂಬಳಿಗೆ ಒರೆಸಿಕೊಂಡು ಪ್ರಮಾಣಪತ್ರ ಈಸಿಕೊಂಡರು, ತಂದು ನನ್ನ ಕೈಯಲ್ಲಿಟ್ಟರು.

"ಮೂರು ಮಳೆಗಾಲ ಅಂದ್ರೆ ಮೂರೇ ಕಣೋ" ಎಂದರು. "ಅಷ್ಟರಾಗೆ ನಿನ್ನ ಹೊನ್ನೆ ನನ್ನ ಕುರಿ ಬಾಯಿಗಿಂತ ಮೇಲೆ ಹೋಗಿರ್ಬೇಕು, ನೋಡ್ಕೋ."