ಗುಂಡಿಯಕ್ಕನ ಮನೆ ಬಾಗಿಲು

ಉಳಿಯಣ್ಣನಿಗೆ ಕೂರಲು ಬರುತ್ತಿರಲಿಲ್ಲ. ಹೀಗೆಂದರೆ ಕೇಳಿದವರು ನಕ್ಕಾರು, ಏಕೆಂದರೆ ಆ ಬೀದಿಯ ಅರ್ಧಕ್ಕರ್ಧ ಕುರ್ಚಿಗಳನ್ನು ಮಾಡಿದ ಬಡಗಿ ಅವನೇ. ಆದರೆ ನಿಜ ನಿಜವೇ. ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಇವನು ಮುಂದಿನ ಬೆಂಚಿನಲ್ಲಿ ಎದ್ದುಬಂದಿದ್ದ ಮೊಳೆಯನ್ನು ಹೆಬ್ಬೆರಳಿನಿಂದ ಒತ್ತುತ್ತಿರುತ್ತಿದ್ದ. “ಅಳಿಯಂದ್ರೇ, ನಿಮ್ಮನ್ನ ಮಾಡುವಾಗ ದೇವರು ಕೆಳಗಡೆ ಸ್ಪ್ರಿಂಗ್ ಇಟ್ಟುಬಿಟ್ಟಿದ್ದಾನೆ” ಎಂದು ಅತ್ತೆ ಛೇಡಿಸುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಅವರಿಬ್ಬರೇ, ಅಳಿಯ ಮತ್ತು ಅತ್ತೆ.

ಅಂಥವನ ಎದುರುಮನೆಗೇ ಸಾವು ಬಂತು. ಗೋದಾಮಿನ ಚಾವಣಿ ಕುಸಿದು, ಮೂಟೆ ಹೊರುತ್ತಿದ್ದ ಹುಡುಗರು ಅದರಡಿಯಲ್ಲಿ ಸಿಕ್ಕಿಕೊಂಡರು. ಅವರಲ್ಲಿ ಒಬ್ಬ ಗುಂಡಿಯಕ್ಕನ ಮಗ. ಒಬ್ಬನೇ ಮಗ. ಅಂಗಡಿಯವರು ಕೊಟ್ಟ ಅಂಗಿಗಳಿಗೆ ಗುಂಡಿ ಹಾಕಿ ಬದುಕುತ್ತಿದ್ದ ಆಕೆ ಚರ್ಚಿನ ಕಡೆಯವಳಲ್ಲ. ಅದನ್ನೆಲ್ಲ ನೋಡುವ ಹೊತ್ತೇ ಅದು? ಪಾದ್ರಿಗಳು ಆ ಭಾನುವಾರ ಉದ್ದುದ್ದ ಮಾತಾಡಲಿಲ್ಲ. “ಹೀಗ್ಯಾಕಾಯ್ತು ಅಂತ ನನ್ನ ಕೇಳ್ಬೇಡಿ, ನನಗೂ ಗೊತ್ತಿಲ್ಲ. ದೇವರ ಚಿತ್ತ ಅಂತ ಆ ತಾಯಿ ಮುಂದೆ ಹೇಳೋಕೆ ಮಾತ್ರ ಹೋಗ್ಬೇಡಿ. ಕೈಲಾದ್ದನ್ನ ಮಾಡಿ. ಜೊತೆಗಿರಿ” ಎಂದರು. ‘ಕೈಲಾದ್ದನ್ನ ಮಾಡಿ’ ಎಂಬುದು ಉಳಿಯಣ್ಣನ ಕಿವಿಗೆ ಬಿತ್ತು. ‘ಜೊತೆಗಿರಿ’ ಎನ್ನುವಷ್ಟರಲ್ಲಿ ಅವನು ಬೆಂಚು ಬಿಟ್ಟು ಎದ್ದಾಗಿತ್ತು.

ಸರಿ, ಶುರುವಾಯಿತು. ಸೋರುವ ನಲ್ಲಿ ಸರಿಮಾಡಿದ, ಕಿಟಕಿಯ ಚಿಲಕ ಬದಲಿಸಿದ, ಸ್ಟೂಲಿನ ಕಾಲು ಗಟ್ಟಿಮಾಡಿದ. ಗುಂಡಿಯಕ್ಕ ಮಡಿಲಲ್ಲಿ ಅರ್ಧ ಹೊಲಿದ ಅಂಗಿ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಅವಳನ್ನು ನೋಡಿದಷ್ಟೂ ಇವನ ಕೈ ಇನ್ನಷ್ಟು ಚಡಪಡಿಸುತ್ತಿತ್ತು.

ಆಗ ಅವನ ಕಣ್ಣಿಗೆ ಬಿದ್ದದ್ದು ಬೀದಿ ಬಾಗಿಲು. ಮರ ಉಬ್ಬಿ ಅದು ಹೊಸ್ತಿಲಿಗೆ ಉಜ್ಜುತ್ತಿತ್ತು. ಭುಜ ಕೊಟ್ಟು ತಳ್ಳಬೇಕು. ಕಿರ್ರೆಂದು ಎಳೆದು, ಧಡ್ ಎಂದು ತೆರೆಯುತ್ತಿತ್ತು. ಅಕ್ಕಪಕ್ಕದವರು ಊಟದ ಡಬ್ಬಿ ಹಿಡಿದು ಬಂದಾಗಲೆಲ್ಲ ಆ ಸದ್ದಿಗೆ ಗುಂಡಿಯಕ್ಕ ಬೆಚ್ಚುತ್ತಿದ್ದಳು. “ಬಂದ್ಯಾ?” ಎಂದು ಅರ್ಧ ಏಳುತ್ತಿದ್ದಳು. ಬಂದವರ ಮುಖ ಕಂಡೊಡನೆ ಕುಸಿಯುತ್ತಿದ್ದಳು. ಈ ಹಾಳು ಬಾಗಿಲು ಇವಳನ್ನು ದಿನಾ ಕೊಲ್ಲುತ್ತಿದೆಯಲ್ಲ ಎಂದುಕೊಂಡ ಉಳಿಯಣ್ಣ.

ಮರುದಿನ ಅಕ್ಕಪಕ್ಕದವರು ಆಕೆಯನ್ನು ಪರಿಹಾರದ ವಿಷಯಕ್ಕೆ ಗೋದಾಮಿನ ಕಚೇರಿಗೆ ಕರೆದುಕೊಂಡು ಹೋಗಿದ್ದಾಗ ಇವನು ಬಾಗಿಲನ್ನು ಕಳಚಿದ. ಕೀಸುಳಿ ಹಾಕಿ ಅಡಿಯ ಅಂಚನ್ನು ನುಣ್ಣಗೆ ಕೀಸಿದ, ಕೀಲುಗಳಿಗೆ ಎಣ್ಣೆ ಬಿಟ್ಟು ಮತ್ತೆ ಕೂರಿಸಿದ. ಕಿರುಬೆರಳು ತಾಗಿಸಿದರೆ ಸಾಕು, ಬೆಣ್ಣೆಯ ಹಾಗೆ ತೆರೆಯಿತು. ತನ್ನ ಕೆಲಸಕ್ಕೆ ತಾನೇ ತಲೆದೂಗಿದ, ಪುಣ್ಯಾತ್ಮ.

ಗುಂಡಿಯಕ್ಕ ಬಂದವಳು ಅಭ್ಯಾಸಬಲದಿಂದ ಭುಜ ಕೊಟ್ಟು ತಳ್ಳಿ, ಮುಗ್ಗರಿಸಿ ಒಳಗೆ ಬೀಳುವುದರಲ್ಲಿದ್ದಳು. ಸಾವರಿಸಿಕೊಂಡು ಬಾಗಿಲು ಮುಚ್ಚಿದಳು. ತೆರೆದಳು. ಮತ್ತೆ ಮುಚ್ಚಿದಳು.

“ಇದನ್ನ ಮುಟ್ಟಿದ್ದು ಯಾರು?”

“ನಾನೇ ಅಕ್ಕ. ಆ ಸದ್ದಿಗೆ ನೀವು ಬೆಚ್ಚಿ ಬೀಳ್ತಿದ್ರಲ್ಲ, ಅದಕ್ಕೇ...”

“ಅಯ್ಯೋ, ನಿನ್ನ ಕೈ ಸೇದಿಹೋಗ! ಆ ಸದ್ದಾದಾಗ ನನ್ನ ಮಗ ಬಂದಿರ್ತಿದ್ದ ಕಣೋ! ನೀವು ಮುಖ ತೋರಿಸೋವರೆಗೂ ಅವನು ಬಂದಿರ್ತಿದ್ದ! ಒಂದು ಗಳಿಗೆ. ನನಗೆ ಉಳಿದಿದ್ದೇ ಅಷ್ಟು!”

ಒಳಗಿನಿಂದ ಚಿಲಕ ಬಿತ್ತು. ಮರುದಿನ ಊಟದ ಡಬ್ಬಿ ಮೆಟ್ಟಿಲ ಮೇಲೆ ಹಾಗೆಯೇ ಉಳಿಯಿತು. ಅದರ ಮರುದಿನವೂ. ಯಾರು ಕರೆದರೂ ಬಾಗಿಲು ತೆರೆಯಲಿಲ್ಲ.

ಈಗ ಉಳಿಯಣ್ಣನ ಪಾಡು ಕೇಳಬೇಡಿ. ಮೈಮೇಲೆ ಇರುವೆ ಬಿಟ್ಟವನಂತೆ ಮನೆಯಿಂದ ಬೀದಿಗೆ, ಬೀದಿಯಿಂದ ಮನೆಗೆ ಓಡಾಡಿದ. ಕೊನೆಗೆ ಹಳೆಯ ಕೀಲುಗಳನ್ನು ಹುಡುಕಿ ಉಪ್ಪುನೀರಿನಲ್ಲಿ ನೆನೆಹಾಕಿ ತುಕ್ಕು ಹಿಡಿಸಿದ. ಹಲಗೆಯ ಪಟ್ಟಿಯೊಂದನ್ನು ಕೊಯ್ದುಕೊಂಡು ಎದುರುಮನೆಗೆ ಹೋಗಿ, “ಅಕ್ಕ, ಆ ಸದ್ದನ್ನ ವಾಪಸ್ ತರ್ತೀನಿ, ತೆಗೀರಿ” ಎಂದು ಗೋಗರೆದ. ಆ ಮಾತಿಗೆ ಚಿಲಕ ಸರಿಯಿತು.

ತುಕ್ಕು ಕೀಲು ಹಾಕಿ ತಳ್ಳಿದರೆ ಬಾಗಿಲು ಮುದಿ ಮೇಕೆಯ ಹಾಗೆ ಅರಚಿತು. ಅಡಿಯ ಅಂಚಿಗೆ ಪಟ್ಟಿ ಹೊಡೆದರೆ ಇಲಿಯಂತೆ ಕೀಚ್ ಎಂದಿತು. ಪಟ್ಟಿ ಸರಿಸಿದ, ಮೊಳೆ ಬಿಗಿಮಾಡಿದ, ಬೆವರು ಒರೆಸಿಕೊಂಡು ಮತ್ತೆ ತಳ್ಳಿದ. ಏನು ಮಾಡಿದರೂ ಅದಲ್ಲ. ಗೋಡೆಗೆ ಒರಗಿ ಕಿವಿಗೊಟ್ಟು ನಿಂತಿದ್ದ ಗುಂಡಿಯಕ್ಕ ಕೊನೆಗೆ ಮೆಲ್ಲಗೆ ಹೇಳಿದಳು:

“ಬಿಡು. ನೀನು ನುಣ್ಣಗೆ ಮಾಡಿದ್ದ ಹಾಗೇ ಮಾಡಿ ಹೋಗು. ಅದು ಬಾಗಿಲ ಸದ್ದಲ್ಲ, ಅವನ ಭುಜದ ಸದ್ದು.”

ಪಟ್ಟಿ ಕಿತ್ತು, ಎಣ್ಣೆ ಬಿಟ್ಟ ಕೀಲುಗಳನ್ನೇ ಮತ್ತೆ ಹಾಕಿ, ಇಂಗು ತಿಂದ ಮಂಗನಂತೆ ಮನೆಗೆ ಬಂದ. ಬಂದವನೇ ಉಳಿಗೆ ಸಾಣೆ ಹಿಡಿಯತೊಡಗಿದ. ಅತ್ತೆ ನೋಡುವಷ್ಟು ನೋಡಿದರು.

“ಅಳಿಯಂದ್ರೇ, ಒಂದು ಮಾತು. ನನ್ನ ಮಗಳನ್ನ ಮಣ್ಣಿಗಿಟ್ಟ ಮರುದಿನ ನೀವು ಅಡುಗೆಮನೆ ಕಪಾಟು ಕಿತ್ತು ಹೊಸದು ಕೂರಿಸಿದ್ರಿ, ನೆನಪಿದ್ಯಾ?”

“ಹಳೇದು ಹಾಳಾಗಿತ್ತಲ್ಲ ಅತ್ತೆ. ಅವಳೇ ಎಷ್ಟು ಸಲ ಹೇಳಿದ್ಲು.”

“ಹೇಳಿದ್ಲು. ಆದ್ರೆ ಅದರ ಹಿಡಿ ಅವಳ ಕೈ ಆಡಿ ಆಡಿ ಸವೆದಿತ್ತು. ನಾನು ಪಾತ್ರೆ ತೆಗೆಯೋ ನೆಪದಲ್ಲಿ ಅದನ್ನ ಹಿಡ್ಕೊಂಡು ನಿಲ್ಲೋಣ ಅಂತಿದ್ದೆ.” ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡರು. “ನೀವು ಒಳ್ಳೇದಕ್ಕೇ ಮಾಡಿದ್ದು, ಗೊತ್ತು. ಅದಕ್ಕೇ ಬಾಯಿ ಬಿಡಲಿಲ್ಲ.”

ಉಳಿಯಣ್ಣನ ಕೈಯಲ್ಲಿದ್ದ ಉಳಿ ಅಲ್ಲೇ ನಿಂತಿತು.

ಸಂಜೆ ಅವನು ಉಳಿ ಸುತ್ತಿಗೆಯ ಚೀಲವನ್ನು ಮನೆಯಲ್ಲೇ ಬಿಟ್ಟು, ಬರಿಗೈಯಲ್ಲಿ ಎದುರುಮನೆಗೆ ಹೋದ. “ಅಕ್ಕ, ನಾನು. ಏನೂ ತಂದಿಲ್ಲ, ಏನೂ ಮಾಡಲ್ಲ” ಎಂದು ಮುಚ್ಚಿದ ಬಾಗಿಲಿಗೆ ಹೇಳಿ, ಮೆಟ್ಟಿಲ ಮೇಲೆ ಕೂತ. ಕೂತದ್ದೇನೋ ಹೌದು, ಆದರೆ ಕೈ ಕೇಳಬೇಕಲ್ಲ! ಮೆಟ್ಟಿಲ ಕಲ್ಲೊಂದು ಅಲುಗಾಡುತ್ತಿತ್ತು, ಬೆರಳು ಅತ್ತಲೇ ಹೋಯಿತು. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಕಾಲು ಕುಣಿಯಿತು. ಅದನ್ನೂ ಒತ್ತಿ ಹಿಡಿದ. ಮಾಡಲು ಏನೂ ಇಲ್ಲದಾದಾಗ, ಇಷ್ಟು ದಿನ ದೂರ ಓಡಿಸಿದ್ದೆಲ್ಲ ಒಟ್ಟಿಗೇ ಬಂತು. ಕಪಾಟು, ಸವೆದ ಹಿಡಿ, ಹಿಡಿಯ ಮೇಲಿನ ಅವಳ ಬೆರಳು. ಹೆಂಡತಿಯನ್ನು ಮಣ್ಣು ಮಾಡಿದ ದಿನವೂ ಅಳದವನು ಬಿಕ್ಕಿ ಬಿಕ್ಕಿ ಅತ್ತ.

ಬಾಗಿಲು ತೆರೆದದ್ದು ಅವನಿಗೆ ಕೇಳಿಸಲಿಲ್ಲ. ಕೇಳಿಸುವುದಾದರೂ ಹೇಗೆ, ಅವನೇ ಎಣ್ಣೆ ಬಿಟ್ಟಿದ್ದನಲ್ಲ. ಪಕ್ಕದಲ್ಲಿ ಒಂದು ಲೋಟ ನೀರು ಬಂದು ಕೂತಾಗಲೇ ತಲೆಯೆತ್ತಿದ.

“ಯಾಕೋ?” ಎಂದಳು ಗುಂಡಿಯಕ್ಕ. ಹೇಳಿದ. ಅವಳು ಸಮಾಧಾನ ಹೇಳಲಿಲ್ಲ. ಪಕ್ಕದಲ್ಲೇ ಕೂತು ತಾನೂ ಅತ್ತಳು. ಆಮೇಲೆ ಮೆಟ್ಟಿಲ ಮೇಲಿದ್ದ ಆ ದಿನದ ಡಬ್ಬಿಯನ್ನು ಬಿಚ್ಚಿ ಅವನಿಗೊಂದು ತುತ್ತು ಕೊಟ್ಟು, ತಾನೊಂದು ತುತ್ತು ತಿಂದಳು.

ಮರುದಿನ ಸಂಜೆ ಬರಿಗೈಯಲ್ಲಿ ಹೊರಟ ಅಳಿಯನನ್ನು ಕಂಡು ಅತ್ತೆ, “ಏನು, ಸ್ಪ್ರಿಂಗ್ ಮುರೀತಾ?” ಎಂದರು. ಅವನು ಬೀದಿ ದಾಟಿ ಮೆಟ್ಟಿಲ ಮೇಲೆ ಕಾಲಿಟ್ಟ. ಅಲುಗಾಡುವ ಕಲ್ಲು ಕಟಕ್ ಎಂದಿತು. ಬಾಗಿಲು ಮುಟ್ಟುವ ಮೊದಲೇ ಒಳಗಿನಿಂದ ದನಿ ಬಂತು.

“ಬಂದ್ಯಾ?”

ಮತ್ತೆ ಅವಳ ಆಸೆಯನ್ನು ಮುರಿಯಬೇಕಲ್ಲ ಎಂದುಕೊಳ್ಳುತ್ತ ಅವನು, “ಅಕ್ಕ... ನಾನು” ಎಂದ.

“ಗೊತ್ತು ಕಣೋ. ಆ ಕಲ್ಲನ್ನ ಹಾಗೇ ಬಿಟ್ಟು ಒಳಗೆ ಬಾ, ಕೂತ್ಕೋ.”