ದೋಣಿ ಮಾತ್ರೆಯೂ ತೊಟ್ಟಿಲ ಹಾಡೂ

ಜೋಗುಳ ಹಾಡಿ ಮಗು ಮಲಗಿಸಿದ ಅಜ್ಜಿಯರು ಊರು ತುಂಬ ಇದ್ದಾರೆ. ಹಾಡುತ್ತ ಹಾಡುತ್ತ ತಾನೇ ಗೊರಕೆ ಹೊಡೆದ ಅಜ್ಜಿಯನ್ನು ಕಂಡಿದ್ದೀರಾ? ನಾನೇ, ಮತ್ತೆ ಯಾರು!

ಮಗಳು ಸುಮಾ ಹೆರಿಗೆಗೆ ನಮ್ಮ ಕಾಯ್ಕಿಣಿಗೆ ಬಂದಿದ್ದಳು. ಹೆಣ್ಣು ಮಗು. ನನ್ನ ಮೊದಲ ಮೊಮ್ಮಗಳು! (ಮೂಗು ನನ್ನದೇ. ಯಾರು ಎಂತ ಬೇಕಾದರೂ ಹೇಳಲಿ.)

ಹೆಸರಿಡುವ ದಿನ ನಮ್ಮಲ್ಲಿ ತೊಟ್ಟಿಲಿನ ಆಚೆ ಒಬ್ಬ ಅಜ್ಜಿ, ಈಚೆ ಒಬ್ಬ ಅಜ್ಜಿ ನಿಲ್ಲಬೇಕು. ಮಗುವನ್ನು ಮೇಲಿಂದ ಕೊಟ್ಟು ಕೆಳಗಿಂದ ತಗೊಳ್ಳಬೇಕು. ಹಾಡೂ ಹೇಳಬೇಕು. ಆ ಹಾಡು ನನಗೆ ನನ್ನ ಅತ್ತೆ ಕಲಿಸಿದ್ದು. ಸುಮಾ ಬಸುರಿ ಅಂತ ತಿಳಿದಾಗಿನಿಂದ ಅದನ್ನೇ ಗುನುಗುತ್ತಿದ್ದೆ.

ಅಷ್ಟರಲ್ಲಿ ಒಂದು ಬೆಳಿಗ್ಗೆ ಚಾಪೆಯಿಂದ ಏಳುತ್ತೇನೆ, ಮಾಡಿನ ಜಂತಿ ಗಿರಗಿರ! ಗೋಡೆ ಹಿಡಿದರೆ ಗೋಡೆಯೂ ಹೊರಟಿತು.

ಡಾಕ್ಟರಮ್ಮ ಮಾತ್ರೆ ಕೊಟ್ಟರು. "ತಿರುಗುವುದು ಜೋರಿದ್ದಾಗ ಮಾತ್ರ, ಸ್ವಲ್ಪ ದಿನಕ್ಕೆ ಮಾತ್ರ. ನಿದ್ದೆ ಬರ್ತದೆ, ಜಾಗ್ರತೆ" ಅಂದರು. ನಾನು ಹೂಂ ಅಂದೆ. (ಹೂಂ ಅನ್ನುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ಸಂಬಂಧ ಇದೆಯಾ?)

ಸುದ್ದಿ ಕುಮಟೆಗೆ ಮುಟ್ಟಿತು. ಸುಮಾಳ ಅತ್ತೆ, ಅಂದರೆ ನನ್ನ ಬೀಗತಿ, ಫೋನ್ ಮಾಡಿದಳು. "ನಿಮ್ಗೆ ಆಗದಿದ್ರೆ ಬಿಡಿ ಬೀಗತಿ, ನಾನೇ ಎರಡೂ ಬದಿ ನಿಲ್ತೆ!"

ಎರಡೂ ಬದಿ! ನನಗೆ ಹೇಗಾಗಿರಬೇಡ?

ಪಕ್ಕದ ಮನೆ ಗಣಪು ಮುರ್ಡೇಶ್ವರದಲ್ಲಿ ಟೂರಿಸ್ಟರನ್ನು ದೋಣಿಯಲ್ಲಿ ಸುತ್ತಿಸುವವ. "ಅಕ್ಕಾ, ಮನೆ ದೋಣಿ ಹಾಂಗೆ ತೂಗ್ತದಾ? ಹಾಂಗಾದ್ರೆ ದೋಣಿ ಮಾತ್ರೆ ತಗಳಿ. ಟೂರಿಸ್ಟರಿಗೆ ವಾಂತಿ ಬರೂಕಾಗ ಅಂತ ಇಟ್ಕಂಡದ್ದು. ಎಂತಾ ಆಗುದಿಲ್ಲ" ಅಂದ. ನನಗೂ ಸರಿ ಕಂಡಿತು. ಡಾಕ್ಟರಮ್ಮನದು ತಲೆಗೆ, ಗಣಪುವಿನದು ಮನೆಗೆ! ಎರಡೂ ನುಂಗಿದೆ.

ಮಧ್ಯಾಹ್ನ ಮೊಮ್ಮಗಳನ್ನು ಮಡಿಲಲ್ಲಿ ಇಟ್ಟುಕೊಂಡು ಹಾಡು ಶುರು ಮಾಡಿದೆ. ಆಮೇಲೆ ಗೊತ್ತಿಲ್ಲ.

"ಅಮ್ಮಾ! ನಿಂಗೆ ಎಂತ ಮರುಳಾ? ಮಗು ಜಾರ್ತಿತ್ತು!"

ಕಣ್ಣು ಬಿಟ್ಟರೆ ಮಗು ಸುಮಾಳ ಕೈಯಲ್ಲಿತ್ತು. ನನ್ನ ಬಾಯಿ ಹಪ್ಪಳದ ಹಾಗೆ ಒಣಗಿತ್ತು. ಒಂದು ಗಳಿಗೆ ತಡವಾಗಿದ್ದರೆ? ಬೇಡ, ಬರೆಯಲಾರೆ.

ಮರುದಿನ ಡಾಕ್ಟರಮ್ಮ ಎರಡೂ ಮಾತ್ರೆ ಅಂಗೈಯಲ್ಲಿಟ್ಟುಕೊಂಡು ನಕ್ಕರು. "ಇವು ಅಕ್ಕ-ತಂಗಿ. ಎರಡೂ ಆಂಟಿಹಿಸ್ಟಮಿನ್. ಶೀತಕ್ಕೆ, ತುರಿಕೆಗೆ ಕೊಡುವ ಎಷ್ಟೋ ಮಾತ್ರೆಗಳೂ ಇದೇ ಕುಲ. ಒಟ್ಟಿಗೆ ನುಂಗಿದರೆ ನಿದ್ದೆ ಡಬಲ್, ಬೀಳುವ ಭಯವೂ ಡಬಲ್. ನಿಮ್ಮ ಪ್ರಾಯಕ್ಕೆ ಸೊಂಟ ಮುರೀತದೆ." ಕಣ್ಣಿನ ಒತ್ತಡ ಇದೆಯಾ, ಮೂತ್ರ ಕಟ್ಟುತ್ತದಾ, ನಿದ್ದೆ ಮಾತ್ರೆ ತಗೊಳ್ತೀರಾ ಅಂತ ಎಲ್ಲ ಕೇಳಿದರು. ಇದರ ಜೊತೆ ಹೆಂಡ ಕೂಡದು, ಸ್ಕೂಟರ್ ಬಿಡಕೂಡದು ಅಂದರು.

"ನಾನೆಲ್ಲಿ ಸ್ಕೂಟರ್ ಬಿಡ್ತೆ ಡಾಕ್ಟ್ರೇ?"

"ಮಗು ಎತ್ತುವುದು ಸ್ಕೂಟರಿಗಿಂತ ಕಡಿಮೆ ಕೆಲಸವಾ?"



ಮಂಚದ ಮೇಲೆ ಮಲಗಿಸಿ ತಲೆ ಆಚೆ ಈಚೆ ಹೊರಳಿಸಿ ನೋಡಿದರು. ಕಿವಿಯೊಳಗಿನ ಸಣ್ಣ ಹರಳು ಜಾಗ ತಪ್ಪಿದ್ದಕ್ಕೇ ತಲೆ ತಿರುಗುತ್ತಿತ್ತಂತೆ. (ಓಲೆಯ ಹರಳು ಅಂದುಕೊಂಡು ಕಿವಿ ಮುಟ್ಟಿ ನೋಡಿಕೊಂಡೆ!) ಹಾಗೇ ಹೊರಳಿಸಿ ಹೊರಳಿಸಿ ಅದನ್ನು ಜಾಗಕ್ಕೆ ಕೂರಿಸಿದರು. ಎರಡು ದಿನದಲ್ಲಿ ಜಂತಿ ನಿಂತಿತು. ತೋರಿಸಲು ಹೋದಾಗ "ಮಾತ್ರೆ ಇನ್ನು ಬೇಡ. ಮಗು ಎತ್ತಬಹುದು" ಅಂದರು. "ಆದರೆ ತಲೆ ತಿರುಗುವಾಗ ಮಾತು ತೊದಲಿದರೆ, ಕೈಕಾಲು ಸೋತರೆ ಮಾತ್ರೆ ಹುಡುಕುತ್ತ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಬನ್ನಿ" ಅಂತಲೂ ಅಂದರು. ಈ ಸಲ ಹೂಂ ಅನ್ನಲಿಲ್ಲ. ಪೂರ್ತಿ ಕೇಳಿಸಿಕೊಂಡೆ.

ಹೆಸರಿಡುವ ದಿನ ಬೀಗತಿ ರಿಕ್ಷಾ ಇಳಿಯುತ್ತಲೇ ಕೇಳಿದಳು. "ಎಂತ ಬೀಗತಿ, ಇವತ್ತು ಮನೆ ನಿಂತಿದ್ಯಾ?"

"ಮನೆಯೂ ನಿಂತಿದೆ, ನಾನೂ ನಿಂತಿದ್ದೇನೆ. ನೀವು ಆ ಬದಿಗೆ ಹೋಗಿ!"

ಮೇಲಿಂದ ಕೊಟ್ಟೆ, ಕೆಳಗಿಂದ ತಗೊಂಡೆ. ಕಣ್ಣಲ್ಲಿ ನೀರು ಬಂತು, ಅದು ಬೇರೆ ಕಾಯಿಲೆ. ಹಾಡು ಮುಗಿಯುವುದರೊಳಗೆ ಮೊಮ್ಮಗಳು ಬಾಯಿ ತೆರೆದು ಗಾಢ ನಿದ್ದೆ.

ಈ ಮದ್ದಿಗೆ ಯಾವ ಡಾಕ್ಟರ ಚೀಟಿ ಬೇಕು, ಹೇಳಿ?