ಇಳ್ಸಮ್ಮಾ, ನಿಲ್ಸಮ್ಮಾ

“ಅಂಪೈರು ಕತ್ತೆ ಮೇಲೆ ಕೂತ್ಕೊಂಡು ಬಂದನಂತೆ, ನೋಡಿದ್ಯೇನಮ್ಮಾ?”

“ಹೂಂ ಮಾವ.”

“ಆ ಕತ್ತೆನೇ ನೋಬಾಲ್ ಅಂತ ಕೂಗ್ತಂತೆ.”

“ಹೂಂ.”

“ಕೊನೆಗೆ ಕತ್ತೆಗೇ ಮ್ಯಾನ್ ಆಫ್ ದಿ ಮ್ಯಾಚ್ ಕೊಟ್ರಂತೆ!”

“ಹೌದು ಮಾವ, ಪಾಪ, ಚೆನ್ನಾಗೇ ಆಡ್ದ.”

ಮಾವ ನಗಲಿಲ್ಲ. ಕುರ್ಚಿಯನ್ನು ಸೊಸೆಯ ಪಕ್ಕಕ್ಕೇ ಎಳೆದುಕೊಂಡು, ಅವಳ ಕಿವಿಗೆ ಬಾಯಿ ಹಚ್ಚುವಷ್ಟು ಹತ್ತಿರ ಬಂದು, “ಯಾವಾಗಿಂದ?” ಅಂದರು.

“ಏನು ಯಾವಾಗಿಂದ?”

“ಕಿವಿ.”

ಅವಳ ಗಂಡ ಯಾರದೋ ಫ್ರಿಡ್ಜ್ ರಿಪೇರಿಗೆ ಹೋಗಿದ್ದ, ಮನೆಯಲ್ಲಿ ಇವರಿಬ್ಬರನ್ನು ಬಿಟ್ಟರೆ ಇದ್ದದ್ದು ಟಿವಿ ಮತ್ತು ಕತ್ತು ತಿರುಗಿಸುವ ಫ್ಯಾನು ಮಾತ್ರ, ಆದರೂ ಎದ್ದು ಹೋಗಿ ಬೀದಿ ಬಾಗಿಲು ಹಾಕಿ ಬಂದಳು.

ಈ ಮನೆಯಲ್ಲಿ ಮ್ಯಾಚ್ ನೋಡುವ ರೀತಿಯೇ ಬೇರೆ! ಮಾವನ ಕಣ್ಣಿನ ನರ ಸೊರಗಿ ವರ್ಷಗಳಾಗಿವೆ, ಟಿವಿ ಅಂದರೆ ಅವರಿಗೆ ಬಣ್ಣಬಣ್ಣದ ಮಂಜು ಅಷ್ಟೇ. ಕಾಮೆಂಟರಿಯನ್ನು ಅವರ ಕಿವಿ ಕೇಳುತ್ತದೆ. ಕಾಮೆಂಟರಿಯವರು ಹೇಳದೆ ಬಿಟ್ಟಿದ್ದನ್ನು, ಅಂದರೆ ಯಾರ ಪ್ಯಾಂಟಿಗೆ ಮಣ್ಣಾಗಿದೆ, ಕ್ಯಾಚ್ ಬಿಟ್ಟವನು ಬೌಂಡರಿ ಗೆರೆ ಹತ್ತಿರ ಮುಖ ಊದಿಸಿಕೊಂಡು ಹೇಗೆ ನಿಂತಿದ್ದಾನೆ, ಕೋಚು ಉಗುರು ಕಚ್ಚುತ್ತಿದ್ದಾನಾ ಇಲ್ಲವಾ, ಇದನ್ನೆಲ್ಲ ಸೊಸೆ ಹೇಳುತ್ತಾಳೆ. ಹನ್ನೊಂದು ಬೇಸಿಗೆ ಹೀಗೇ ಕಳೆದಿದೆ. “ನಿಮ್ಮಿಬ್ರನ್ನ ಸೇರಿಸಿದ್ರೆ ಒಬ್ಬ ಪೂರ್ತಿ ಪ್ರೇಕ್ಷಕ ಆಗ್ತಾನೆ” ಅಂತ ಅವಳ ಗಂಡ ಯಾವಾಗಲೂ ರೇಗಿಸುತ್ತಿದ್ದ. ಈ ಬೇಸಿಗೆ ಮಾತ್ರ ಸೊಸೆ ಕೇಳಿದ್ದಕ್ಕೆ ಒಂದು, ಹೇಳಿದ್ದಕ್ಕೆ ಇನ್ನೊಂದು ಮಾಡುತ್ತಿದ್ದಳು. ಕಣ್ಣು ಕಾಣದವರಿಗೆ ಅದು ಕಾಣದೆ ಇರುತ್ತದೆಯೇ?

“ಎರಡು ವರ್ಷ ಆಯ್ತು” ಅಂದಳು. “ಸದ್ದು ಕೇಳುತ್ತೆ ಮಾವ, ಮಾತು ಕೇಳಲ್ಲ. ಎಲ್ಲರೂ ಬಾಯಿಗೆ ಬಟ್ಟೆ ಇಟ್ಕೊಂಡು ಮಾತಾಡ್ದಂಗೆ.”

“ನಾಳೆನೇ ಡಾಕ್ಟ್ರ ಹತ್ರ ಹೋಗು.”

“ಕ್ರೇನ್ ಟ್ರೈನಿಂಗ್ ಮುಗೀಲಿ. ಪಾಸಾಗ್ಲಿ. ಆಮೇಲೆ ನಾನೇ ಹೋಗ್ತೀನಿ. ಯಾರಿಗೂ ಹೇಳ್ಬೇಡಿ ಮಾವ, ನಿಮ್ಮ ಕಾಲಿಗೆ ಬೀಳ್ತೀನಿ.”

“ಕಣ್ಣು ಮಂಜಾಗೋಕೆ ಶುರುವಾದಾಗ ನಾನೂ ಆಮೇಲೆ, ಆಮೇಲೆ ಅಂತಾನೇ ಅಂದಿದ್ದೆ” ಅಂದರು ಮಾವ. ಆದರೂ ಬಾಯಿಗೆ ಬೀಗ ಹಾಕಿಕೊಂಡರು.

ಅವಳು ಕೆಲಸ ಮಾಡುತ್ತಿದ್ದದ್ದು ಪೈಪು ಗೋಡೌನಿನಲ್ಲಿ. ಅಲ್ಲಿ ಅವಳಿಗೆ ಹೂಂ ಅಕ್ಕ ಅಂತಲೇ ಹೆಸರು. ಯಾರು ಏನು ಕೇಳಿದರೂ ಹೂಂ ಅನ್ನುತ್ತಾಳೆ, ಎಷ್ಟು ಒಳ್ಳೆಯ ಸ್ವಭಾವ ಅಂತ ಎಲ್ಲರಿಗೂ ಖುಷಿ! ಸ್ವಭಾವವೂ ಇಲ್ಲ, ಏನೂ ಇಲ್ಲ. ಏನಂದಿರಿ ಅಂತ ಎರಡನೇ ಸಲ ಕೇಳುವುದಕ್ಕಿಂತ ಹೂಂ ಅನ್ನುವುದು ಸುಲಭವಾಗಿತ್ತು, ಅಷ್ಟೇ. ಹನ್ನೆರಡು ವರ್ಷ ಪ್ಯಾಕಿಂಗ್ ಮೇಜಿನ ಮುಂದೆ ನಿಂತು ಪೈಪಿನ ಎರಡೂ ಬಾಯಿಗೆ ಪ್ಲಾಸ್ಟಿಕ್ ಟೋಪಿ ಹಾಕಿದ್ದಳು, ನಿಂತೂ ನಿಂತೂ ಮಂಡಿ ಸವೆದಿತ್ತು. ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ದಿನ ಸೂಪರ್‌ವೈಸರ್ ಬಂದು ಏನೋ ಕೇಳಿದ. ಇವಳು ಹೂಂ ಅಂದಳು. ಅವನು ಹೆಸರು ಬರೆದುಕೊಂಡು ಹೋದ. ತಾನು ಮೂರು ತಿಂಗಳ ಕ್ರೇನ್ ಟ್ರೈನಿಂಗಿಗೆ ಒಪ್ಪಿಕೊಂಡಿದ್ದೇನೆ ಅಂತ ಅವಳಿಗೆ ಗೊತ್ತಾಗಿದ್ದು ಮಾರನೆಯ ದಿನ, ಏಣಿಯ ಬುಡದಲ್ಲಿ ನಿಂತು ತಲೆ ಎತ್ತಿ ನೋಡಿದಾಗ! ಮೆಡಿಕಲ್ ಚೆಕಪ್ಪೂ ಹಾಗೇ ಆಯಿತು. ಡಾಕ್ಟರು ಕಾಗದ ನೋಡಿಕೊಂಡೇ, “ಕಿವಿ ಸರಿಯಾಗಿ ಕೇಳುತ್ತಾ?” ಅಂದರಂತೆ. ಆ ಪ್ರಶ್ನೆಯೇ ಅವಳಿಗೆ ಕೇಳಿಸಲಿಲ್ಲ. ಹೂಂ ಅಂದಳು. ಅವರು ಟಿಕ್ ಹಾಕಿದರು.

ಇಪ್ಪತ್ತೆರಡು ಮೆಟ್ಟಿಲ ಕಬ್ಬಿಣದ ಏಣಿ ಹತ್ತಿದರೆ ಮೂರು ಕಡೆ ಗಾಜಿರುವ ಪುಟ್ಟ ಕ್ಯಾಬಿನ್, ಒಂದು ಸ್ಟೂಲು, ಎರಡು ಲಿವರು. ಎಡಗೈಯದು ಕ್ರೇನನ್ನು ಗೋಡೌನಿನ ಉದ್ದಕ್ಕೂ ಓಡಿಸುತ್ತದೆ, ಬಲಗೈಯದು ಕೊಕ್ಕೆಯನ್ನು ಎತ್ತಿ ಇಳಿಸುತ್ತದೆ. ಮೊದಲ ದಿನ ಲಿವರು ಮುಟ್ಟುವುದಕ್ಕೇ ಹೆದರಿದಳು. ಮೂರನೇ ದಿನಕ್ಕೆ ಕೆಳಗಿಳಿಯಲು ಮನಸ್ಸೇ ಬರಲಿಲ್ಲ. ಅಲ್ಲಿ ಬೆನ್ನ ಹಿಂದಿನಿಂದ ಯಾರೂ ಮಾತಾಡುವುದಿಲ್ಲ! ಏನಿದ್ದರೂ ಕಣ್ಣ ಮುಂದೆ, ಕೆಳಗೆ, ಅಂಗೈ ಮೇಲೆ ಇಟ್ಟ ಹಾಗೆ. ಮಂಡಿಗೆ ಆರಾಮ, ಕಿವಿಗೆ ರಜೆ. ಎಷ್ಟೋ ವರ್ಷದ ಮೇಲೆ ಅವಳು ಉಸಿರು ಬಿಟ್ಟು ಕೂತಿದ್ದು ಆ ಸ್ಟೂಲಿನ ಮೇಲೆ.

ಕೆಳಗೆ ನಿಂತು ಕಲಿಸುತ್ತಿದ್ದವನು ಸ್ಪೀಕರ್ ಅಣ್ಣ. ಪೈಪಿನ ಕಟ್ಟಿಗೆ ಚೈನು ಬಿಗಿದು, ಮೇಲಿರುವವರಿಗೆ ಎತ್ತು, ಇಳಿಸು, ನಿಲ್ಲಿಸು ಅಂತ ಹೇಳುವುದು ಇಪ್ಪತ್ತೆರಡು ವರ್ಷದಿಂದ ಅವನದೇ ಕೆಲಸ. ಅವನು ಬಾಯಿ ಬಿಟ್ಟರೆ ಚಾವಣಿಯ ಪಾರಿವಾಳ ಹಾರಿಹೋಗುತ್ತಿದ್ದವು, ಹೂಂ ಅಕ್ಕನ ಕಿವಿಗೂ ಮಾತು ಮಾತಾಗಿಯೇ ತಲುಪುತ್ತಿತ್ತು. ಜೊತೆಗೆ ಕೈಸನ್ನೆ ಬೇರೆ. ಮುಷ್ಟಿ ಹಿಡಿದರೆ ನಿಲ್ಲಿಸು, ಬೆರಳು ಕೆಳಗೆ ಮಾಡಿ ಸುತ್ತಿದರೆ ಇಳಿಸು. ಎರಡು ವರ್ಷದಿಂದ ಬಾಯಿ, ಕೈ, ಹುಬ್ಬು ನೋಡಿಯೇ ಬದುಕು ತೂಗಿಸುತ್ತಿದ್ದವಳಿಗೆ ಇದು ಯಾವ ಲೆಕ್ಕ!

“ನನ್ನ ಕೈ ಅಲ್ಲಾಡೋ ಮುಂಚೆ ಇವಳ ಕೊಕ್ಕೆ ಅಲ್ಲಾಡುತ್ತೆ ಕಣ್ರೋ!” ಅಂತ ಅವನು ಅವಳನ್ನು ತಲೆ ಮೇಲೆ ಹೊತ್ತು ಮೆರೆಸಿದ. ಬೆಳಗ್ಗೆ ಅವಳು ಏಣಿ ಹತ್ತುತ್ತಿದ್ದ ಹಾಗೇ ಹಿಂದಿನ ದಿನದ ಮ್ಯಾಚನ್ನು ಮೊದಲ ಓವರಿನಿಂದ ಕೂಗಿ ಕೂಗಿ ಹೇಳುತ್ತಿದ್ದ. ಸಂಜೆ ಅವಳು ಅದನ್ನೇ ಮಾವನಿಗೆ ಒಪ್ಪಿಸಿ, ಕಾಮೆಂಟರಿ ತನಗೂ ಕೇಳಿಸಿದೆ ಅನ್ನುವ ಹಾಗೆ ನಟಿಸುತ್ತಿದ್ದಳು.

ಪರೀಕ್ಷೆಗೆ ಹತ್ತು ದಿನ ಇದೆ ಅನ್ನುವಾಗ ಅವರ ಟೀಮು ಕೊನೆಯ ಬಾಲಿನಲ್ಲಿ ಸಿಕ್ಸರ್ ಹೊಡೆದು ಗೆದ್ದಿತು. ಮಾರನೆಯ ಬೆಳಗ್ಗೆ ಸ್ಪೀಕರ್ ಅಣ್ಣ ಕತ್ತಿಗೆ ಟವೆಲ್ ಸುತ್ತಿಕೊಂಡು ಬಂದ. ಬಾಯಿ ಬಿಟ್ಟರೆ ಬರೀ ಗಾಳಿ.

“ಸ್ಪೀಕರ್ ಫ್ಯೂಸ್ ಹೋಗಿದೆ, ಇವತ್ತು ಗೋಡೌನು ಆಸ್ಪತ್ರೆ ಥರ ಇರುತ್ತೆ!” ಅಂತ ಸೂಪರ್‌ವೈಸರ್ ನಕ್ಕ, ಎಲ್ಲರೂ ನಕ್ಕರು. ಹೂಂ ಅಕ್ಕನೂ ನಕ್ಕಳು. ಇವತ್ತು ಬೇಡ ಅನ್ನಬಹುದಿತ್ತು. ತಲೆನೋವು ಅಂತ ಒಂದು ಸುಳ್ಳು ಹೇಳಿದ್ದರೂ ಸಾಕಿತ್ತು. ಕೈ ಇದೆಯಲ್ಲ, ಕೈ ನೋಡಿಕೊಂಡರಾಯಿತು ಅಂತ ಏಣಿ ಹತ್ತಿಬಿಟ್ಟಳು.

ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿಯೇ ಇತ್ತು. ಊಟವಾದ ಮೇಲೆ ಎರಡು ಟನ್ನಿನ ಒಂದು ಕಟ್ಟನ್ನು ಮರದ ದಿಮ್ಮಿಗಳ ಮೇಲೆ ಕೂರಿಸಬೇಕಿತ್ತು. ಮೊಣಕಾಲೆತ್ತರಕ್ಕೆ ಬಂದ ಕಟ್ಟು ಗಾಳಿಯಲ್ಲಿ ತಿರುಗತೊಡಗಿತು. ಸ್ಪೀಕರ್ ಅಣ್ಣ ಅದನ್ನು ಎರಡೂ ಕೈಯಿಂದ ತಬ್ಬಿ ಹಿಡಿದ. ಕೈ ಎರಡೂ ಅಲ್ಲೇ, ಮುಖವೂ ಆ ಕಡೆಗೇ. ಅಷ್ಟರಲ್ಲಿ ಒಂದು ದಿಮ್ಮಿ ಜಾರಿತು, ಅದನ್ನು ತಡೆಯಲು ಅವನು ಎಡಗಾಲು ಚಾಚಿದ, ಚಾಚುತ್ತಲೇ ಆ ಒಡೆದ ಗಂಟಲಲ್ಲೇ ಕೂಗಿದ.

ಅವಳಿಗೆ ಕೇಳಿಸಿದ್ದು “...ಲ್ಸಮ್ಮಾ!”

ಇಳ್ಸಮ್ಮಾ, ನಿಲ್ಸಮ್ಮಾ. ಎರಡಕ್ಕೂ ಬಾಲ ಒಂದೇ, ತಲೆ ಮಾತ್ರ ಬೇರೆ. ಆ ತಲೆ ಅವಳ ಕಿವಿಗೆ ಬರಲೇ ಇಲ್ಲ. ಅವಳು ಇಳಿಸಿದಳು.

ಆಮೇಲೆ ಅವನು ಕಿರುಚಿದ್ದು ಮಾತ್ರ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಆಫೀಸಿನಲ್ಲಿ ವಿಚಾರಣೆ ಆಯಿತು. “ಇಳ್ಸು ಅಂತ ಕೇಳಿಸ್ತು ಸರ್” ಅಂದಳು. ಅದು ಪೂರ್ತಿ ಸುಳ್ಳಲ್ಲ, ಬಾಲವಾದರೂ ಕೇಳಿಸಿತ್ತು. ಆಸ್ಪತ್ರೆ ಮಂಚದ ಮೇಲಿಂದ ಸ್ಪೀಕರ್ ಅಣ್ಣ ಬರೆದುಕೊಟ್ಟ: ನನಗೆ ಗಂಟಲು ಕಟ್ಟಿತ್ತು, ಗಾಬರಿಯಲ್ಲಿ ಬಾಯಿ ತಪ್ಪಿ ಇಳಿಸು ಅಂದಿರಬಹುದು, ಹುಡುಗಿಯದು ತಪ್ಪಿಲ್ಲ. ನಲವತ್ತು ದಾಟಿದ ಅವಳನ್ನು ಅವನು ಹುಡುಗಿ ಅಂತಲೇ ಬರೆದಿದ್ದ. ಅವನ ಎಡಗಾಲಿನ ಎರಡು ಬೆರಳು ಉಳಿಯಲಿಲ್ಲ. ವಾಸಿಯಾಗಿ ಬಂದ ಮೇಲೆ ಅವನಿಗೆ ಗೇಟಿನಲ್ಲಿ ಲಾರಿ ನಂಬರ್ ಬರೆಯುವ ಕೆಲಸ, ಇನ್ನು ಮುಂದೆ ಕ್ರೇನಿನ ಹತ್ತಿರ ಸುಳಿಯುವ ಹಾಗಿಲ್ಲ ಅಂತ ತೀರ್ಮಾನವಾಯಿತು. ಹೂಂ ಅಕ್ಕ ಪರೀಕ್ಷೆಯಲ್ಲಿ ಪಾಸಾದಳು. ಪ್ಯಾಕಿಂಗಿನವರೆಲ್ಲ ಚಪ್ಪಾಳೆ ತಟ್ಟಿದರು. ಅವಳು ತಲೆ ಎತ್ತಲಿಲ್ಲ.

ಅವತ್ತು ಸಂಜೆ ಗಂಡ ಸಿಹಿ ಪೊಟ್ಟಣ ಹಿಡಿದು ಕುಣಿಯುತ್ತಾ ಬಂದರೆ, ಮಾವ ಮ್ಯಾಚ್ ನಡೆಯುತ್ತಿದ್ದ ಟಿವಿಯನ್ನು ತಡಕಿ ತಡಕಿ ಆರಿಸಿದರು.

“ಯಾಕಪ್ಪಾ?”

“ನಾನು ಬಾಯಿ ಬಿಟ್ಟಿದ್ರೆ ಆ ಮನುಷ್ಯನ ಕಾಲು ಉಳೀತಿತ್ತು” ಅಂದರು ಮಾವ. ಆಮೇಲೆ ಸೊಸೆ ಇದ್ದ ಕಡೆ ತಿರುಗಿ, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ, “ಆ ಲಿವರ್ನ ನೀನೊಬ್ಳೇ ಒತ್ತಿಲ್ಲಮ್ಮ. ನಾನೂ ಒತ್ತಿದೀನಿ” ಅಂದರು.

ಗಂಡನಿಗೆ ಎಲ್ಲವನ್ನೂ ಹೇಳಲೇಬೇಕಾಯಿತು. “ಅದಕ್ಕೇನಾ ಟಿವಿ ವಾಲ್ಯೂಮ್ ಮೂವತ್ತಕ್ಕೆ ಹೋಗ್ತಿದ್ದಿದ್ದು!” ಅಂತ ಮೊದಲು ರೇಗಿದ. ಆಮೇಲೆ ಪೊಟ್ಟಣದ ದಾರ ಬಿಚ್ಚುವುದನ್ನೂ ಮರೆತು ಕೂತ. “ಹೇಳ್ಬೇಡ ಕಣೇ. ಆಗಿದ್ದು ಆಗೋಯ್ತು. ನೀನು ಹೇಳಿದ್ರೆ ಅವನ ಬೆರಳು ವಾಪಸ್ ಬರುತ್ತಾ?”

“ಬೆರಳು ಬರಲ್ಲ” ಅಂದಳು. “ಕೆಲಸ ಬರುತ್ತೆ.”

“ನಿಂದು ಹೋಗುತ್ತೆ.”

ಆಮೇಲೆ ನಾಲ್ಕು ದಿನ ಕ್ಯಾಬಿನ್ನಿನಲ್ಲಿ ಕೂತಳು, ಕೆಳಗೆ ಹೊಸಬನೊಬ್ಬ ಕೈಸನ್ನೆ ಮಾಡುತ್ತಿದ್ದ. ಅವನು ಕೈ ಇಳಿಬಿಟ್ಟಾಗಲೆಲ್ಲ ಇವಳ ಬೆನ್ನು ಬೆವರಿನಿಂದ ಒದ್ದೆಯಾಗುತ್ತಿತ್ತು. ಭಾನುವಾರ ಒಂದು ಕಾಗದ ಬರೆದು, ಮಡಿಸಿ, ಪರ್ಸಿನಲ್ಲಿಟ್ಟುಕೊಂಡು ಸ್ಪೀಕರ್ ಅಣ್ಣನ ಮನೆಗೆ ಹೋದಳು.

ಒಂದೇ ಕಿಟಕಿಯ ಕೋಣೆ. ಅವನು ಬೋರಲು ಹಾಕಿದ ಬಕೆಟ್ಟಿನ ಮೇಲೆ ದಿಂಬು, ದಿಂಬಿನ ಮೇಲೆ ಬ್ಯಾಂಡೇಜ್ ಸುತ್ತಿದ ಕಾಲು ಇಟ್ಟುಕೊಂಡು ಮ್ಯಾಚ್ ನೋಡುತ್ತಿದ್ದ. ಗಂಟಲು ಪೂರ್ತಿ ವಾಪಸ್ ಬಂದಿತ್ತು.

“ಬಾಮ್ಮ, ಕ್ರೇನ್ ಮಹಾರಾಣಿ! ನೋಡು, ಹತ್ತು ವಿಕೆಟಲ್ಲಿ ಎರಡು ಬಿತ್ತು, ಇನ್ನೂ ಎಂಟಿದೆ, ಇನ್ನಿಂಗ್ಸ್ ಮುಗಿದಿಲ್ಲ!”

ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಅವನ ಹೆಂಡತಿ, “ಬೆಳಗ್ಗೆಯಿಂದ ಬಂದೋರಿಗೆಲ್ಲ ಇದೇ ಜೋಕು” ಅಂದಳು.

“ನಿನ್ನ ಹೆದರಿಸ್ಬಿಟ್ಟೆ ನಾನು” ಅಂದ ಅವನು. “ಪಾಪ, ಹೊಸಬಳು. ನನ್ನ ಗಂಟಲಿಗಿಷ್ಟು ಬೆಂಕಿ ಹಾಕ.”

“ಅಣ್ಣ, ನನಗೆ ಕಿವಿ ಕೇಳಲ್ಲ.”

“ಏನು? ಈ ಟಿವಿ ಗಲಾಟೆಲಿ ಒಂದೂ ಕೇಳಿಸ್ಲಿಲ್ಲ.”

ಒಂದು ಸಲ ಹೇಳಲು ಇಡೀ ದಾರಿ ಧೈರ್ಯ ಕೂಡಿಸಿಕೊಂಡು ಬಂದಿದ್ದಳು, ಈಗ ಎರಡನೇ ಸಲ ಹೇಳಬೇಕು! ಹೆಂಡತಿ ಎದ್ದು ಟಿವಿ ಸದ್ದು ತೆಗೆದಳು.

“ನನಗೆ ಕಿವಿ ಕೇಳಲ್ಲ ಅಣ್ಣ. ಎರಡು ವರ್ಷದಿಂದ. ಮುಚ್ಚಿಟ್ಟಿದ್ದೆ. ನೀವು ಏನಂದ್ರಿ ಅಂತ ಅವತ್ತು ನನಗೆ ಕೇಳಿಸ್ಲೇ ಇಲ್ಲ, ಬಾಲ ಹಿಡ್ಕೊಂಡು ಊಹೆ ಮಾಡ್ದೆ.”

ಸ್ಪೀಕರ್ ಅಣ್ಣ ಬ್ಯಾಂಡೇಜಿನ ಕಾಲನ್ನು ಹಿಡಿದುಕೊಂಡ. ಸದ್ದಿಲ್ಲದ ಟಿವಿಯಲ್ಲಿ ಯಾರೋ ಔಟಾಗಿ ನಡೆದು ಹೋಗುತ್ತಿದ್ದರು.

“ಮೂರು ತಿಂಗಳು” ಅಂದ. “ಮೂರು ತಿಂಗಳು ನನ್ನ ತಲೆ ಮೇಲೆ ಎರಡೆರಡು ಟನ್ ತೂಗಾಡಿಸ್ತಾ ಇದ್ಯಲ್ಲೇ, ಕಿವಿ ಕೇಳ್ದೆ.”

“ನಿಮ್ಮ ಕೈ ನೋಡ್ತಿದ್ದೆ.”

“ಮಾತಾಡ್ಬೇಡ!” ಪಕ್ಕದ ಮನೆಯವರಿಗೂ ಕೇಳಿಸಿರಬೇಕು. “ನನ್ನ ಬಾಯಿಗೆ ನಾನೇ ಹೊಡ್ಕೊಳ್ಳೋದೊಂದು ಬಾಕಿ ಇತ್ತು. ಇಳ್ಸು ಅಂದ್ನಾ, ನಿಲ್ಸು ಅಂದ್ನಾ, ಇಳ್ಸು ಅಂದ್ನಾ, ನಿಲ್ಸು ಅಂದ್ನಾ. ಕೂತ್ರೂ ಅದೇ, ನಿಂತ್ರೂ ಅದೇ. ಎಲ್ಲರೂ ಇಳ್ಸು ಅಂದೆ ಅಂತ ಹೇಳಿ ಹೇಳಿ ನನಗೂ ಹಾಗೇ ಅನ್ನಿಸ್ಬಿಟ್ಟಿತ್ತು.” ಥಟ್ಟನೆ ಹೆಂಡತಿಯ ಕಡೆ ತಿರುಗಿದ. “ನಿಲ್ಸು ಅಂದಿದ್ದೆ ಕಣೇ! ನಿಲ್ಸು ಅಂತಾನೇ ಅಂದಿದ್ದೆ!” ಅಂದವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಹೆಂಡತಿ ಅವನ ಹೆಗಲ ಮೇಲೆ ಕೈಯಿಟ್ಟು, ಹೂಂ ಅಕ್ಕನನ್ನು ಸುಡುವ ಹಾಗೆ ನೋಡಿದಳು. “ಇಲ್ಲಿ ಬಂದು ಹೇಳಿದ್ರೆ ಆಯ್ತಾ? ಆಫೀಸಲ್ಲಿ ಹೇಳೋರು ಯಾರು?”

ಅವಳು ಪರ್ಸಿನಿಂದ ಕಾಗದ ತೆಗೆದು ಕೊಟ್ಟಳು. “ನಾಳೆ ಬೆಳಗ್ಗೆ ಕೊಡ್ತೀನಿ. ಮೊದಲು ನಿಮಗೆ ಗೊತ್ತಾಗ್ಲಿ ಅಂತ ಬಂದೆ.”

ಸ್ಪೀಕರ್ ಅಣ್ಣ ಕಣ್ಣೊರೆಸಿಕೊಂಡು ಅದನ್ನು ಎರಡು ಸಲ ಓದಿದ. “ಮತ್ತೆ ಪೈಪಿಗೆ ಟೋಪಿ ಹಾಕೋಕೆ ಕಳಿಸ್ತಾರೆ ನಿನ್ನ. ಅದಕ್ಕೂ ಇಟ್ಕೊಳ್ತಾರೋ ಇಲ್ವೋ.”

“ಗೊತ್ತು.”

“ಮನೇಲೇನಂದ್ರು?”

“ಗಂಡ ಬೇಡ ಅಂದ್ರು. ಮಾವ ಟಿವಿ ಹಾಕ್ತಾ ಇಲ್ಲ.”

ಅವನು ಕಾಗದ ವಾಪಸ್ ಕೊಟ್ಟ. ಟಿವಿ ಕಡೆ ತಿರುಗಿ ಕೂತ. ಅವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲು ದಾಟಿದಾಗ ಹಿಂದಿನಿಂದ ಹೆಂಡತಿ ಬಂದು ತೋಳು ಮುಟ್ಟಿದಳು. “ಅವರು ಏನೋ ಹೇಳ್ತಿದಾರೆ.”

ತಿರುಗಿ ನೋಡಿದರೆ, ಅವನು ಇನ್ನೂ ಮುಖ ಗಂಟು ಹಾಕಿಕೊಂಡೇ ಇದ್ದ. “ನಾಳೆ ಆಫೀಸಿನವರು ಏನಂತಾರೋ ಬಂದು ಹೇಳು. ಕಿವಿ ಡಾಕ್ಟ್ರಿಗೂ ತೋರಿಸ್ಕೊಂಡೇ ಬಾ. ಮುಂದಿನ ಭಾನುವಾರ, ನಾಲ್ಕು ಗಂಟೆಗೆ. ನನ್ನ ಕೋಪ ಇಳಿದಿರುತ್ತೆ ಅಂತ ಅಂದ್ಕೋಬೇಡ. ಬೈಯೋದು ಇನ್ನೂ ಬೇಕಾದಷ್ಟಿದೆ.”

“ನಾಲ್ಕಾ, ನಾಲ್ಕೂವರೆನಾ ಅಣ್ಣ?”

“ನಾಲ್ಕು!”

“ಬರ್ತೀನಿ” ಅಂದಳು.